ಅತ್ತೆಯ ಹಿಂದೆ ಬೆಟ್ಟ ಹತ್ತಿದ್ದು

ನಮ್ಮ ಅತ್ತೆ ಚಪ್ಪಲಿಯನ್ನು ಕಾಲಿಗೆ ಹಾಕಿಕೊಂಡದ್ದಕ್ಕಿಂತ ಕೈಯಲ್ಲಿ ಹಿಡಿದದ್ದೇ ಹೆಚ್ಚು. ಟಾರು ರಸ್ತೆ ಇರುವವರೆಗೂ ಮೆಟ್ಟಿಕೊಂಡು ನಡೆಯುವರು. ಬೆಟ್ಟದ ಕಾಲುದಾರಿ ಶುರುವಾದ ಕೂಡಲೇ ಎರಡನ್ನೂ ಕಳಚಿ, ಒಂದರ ಮೇಲೊಂದಿಟ್ಟು ಎಡಗೈಯಲ್ಲಿ ಹಿಡಿದುಕೊಳ್ಳುವರು. ಹಿಮ್ಮಡಿಯ ತುಂಬ ಬಿರುಕು. ಹೆಬ್ಬೆರಳಿನ ಉಗುರು ಯಾವತ್ತೋ ಎಡವಿ ಕಪ್ಪಾದದ್ದು ಹಾಗೇ ಉಳಿದಿತ್ತು. ಬಂಡೆ ಹತ್ತುವಾಗ ಆ ಬೆರಳುಗಳು ಕಲ್ಲನ್ನು ಕಚ್ಚಿ ಹಿಡಿಯುವುದನ್ನು ಹಿಂದಿನಿಂದ ನೋಡುತ್ತಲೇ ನಾನು ಬೆಟ್ಟ ಹತ್ತುವುದನ್ನು ಕಲಿತೆ.

ನಾನು ಕೊಳ್ಳೇಗಾಲದ ಮಗ್ಗದ ಮನೆಯಲ್ಲಿ ಹುಟ್ಟಿದವಳು. ಅಪ್ಪ ನೇಯುತ್ತಿದ್ದರು, ಅಮ್ಮ ಗೋಡೆಗೆ ಒರಗಿ ರೇಷ್ಮೆ ನೂಲು ಸುತ್ತುತ್ತಿದ್ದಳು. ಮಗ್ಗದ ಸದ್ದು ದಾಟಿ ದೂರ ಹೋದದ್ದೆಂದರೆ ಯಳಂದೂರಿನ ಕಾಲೇಜಿಗೆ. ದಿನವೂ ಹತ್ತುತ್ತಿದ್ದ ಬಸ್ಸಿನ ಕಂಡಕ್ಟರನ್ನೇ ಮೆಚ್ಚಿ ಮದುವೆಯಾದೆ. ಅವರ ಊರು ಹನೂರಿನಾಚೆ, ಒಡೆಯರಪಾಳ್ಯಕ್ಕೆ ಹೋಗುವ ರಸ್ತೆ ಬಿಟ್ಟು ಒಳಕ್ಕೆ, ಬೆಟ್ಟದ ಮಗ್ಗುಲಲ್ಲಿತ್ತು. ಮಾವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ, ಹಸುಗಳು, ರಾಗಿ ಹೊಲ. ನಮ್ಮವರು ಬಸ್ಸಿನ ಕೆಲಸದ ಮೇಲೆ ಕೊಳ್ಳೇಗಾಲದಲ್ಲೇ ಉಳಿದು, ರಜೆ ಸಿಕ್ಕಾಗ ಬರುತ್ತಿದ್ದರು.

ಮದುವೆಯಾದ ಮರುವರ್ಷ ನನ್ನ ಮೊದಲ ಮಗು ಹೊಟ್ಟೆಯಲ್ಲೇ ಹೋಯಿತು. ದಿನ ತುಂಬುತ್ತ ಬಂದಿತ್ತು. ಆಸ್ಪತ್ರೆಯಿಂದ ಬಂದವಳು ಒಳಕೋಣೆ ಸೇರಿದೆ. ಊರಿನ ಹೆಂಗಸರು ಒಬ್ಬೊಬ್ಬರಾಗಿ ಬಂದು, ಇನ್ನೂ ವಯಸ್ಸಿದೆ, ಇನ್ನೊಂದಾಗುತ್ತದೆ ಎಂದು ಹೇಳಿ ಹೋದರು. ಅತ್ತೆ ಅಂಥದ್ದೇನೂ ಹೇಳಲಿಲ್ಲ. ಹೊತ್ತಿಗೆ ಸರಿಯಾಗಿ ಬಿಸಿನೀರು, ಬಿಸಿ ಮುದ್ದೆ ತಂದಿಟ್ಟು ಹೋಗುತ್ತಿದ್ದರು. ಮೈಯೇನೋ ಸುಧಾರಿಸಿತು. ಆದರೆ ಎದ್ದು ಓಡಾಡಬೇಕೆಂದು ನನಗೆ ಅನಿಸಲೇ ಇಲ್ಲ. ತಲೆ ಬಾಚಿಕೊಳ್ಳುವುದನ್ನೂ ಬಿಟ್ಟಿದ್ದೆ.

ಒಂದು ಬೆಳಿಗ್ಗೆ ಅವರು ಬಾಗಿಲಲ್ಲಿ ನಿಂತು, "ಏಳ್ ಮಗ. ಮೇಲ್ಗಡೆ ಊಟೆಲಿ ನೀರ್ ಬಂದದಂತೆ, ನೋಡ್ಕಂಡ್ ಬರಮ" ಅಂದರು.

"ನನ್ ಕೈಲಾಗಲ್ಲ ಅತ್ತೆ."

"ಆಗ್ದೆ ಓದ್ರ ಅರ್ಧಕ್ಕೇ ತಿರೀಕಳಮ. ಯಾರ್ ಬೈದರು?"

ಅವತ್ತು ಅರ್ಧಕ್ಕೇ ತಿರುಗಿದೆವು. ಹುಣಸೆ ಮರದ ಬುಡದಲ್ಲಿ ನಾನು ಕೂತುಬಿಟ್ಟೆ. ಅವರೂ ಕೂತರು. ಎಲೆಯಡಿಕೆ ಹಾಕಿಕೊಂಡು ಮುಗಿಸಿದವರೇ "ಸರಿ, ನಡಿ ಮನೆಗ" ಎಂದರು. ಮಾರನೆಯ ದಿನ ಮತ್ತೆ ಬಾಗಿಲಲ್ಲಿ ನಿಂತಿದ್ದರು.

ಹೀಗೆ ಶುರುವಾದ ನಡಿಗೆ ನಿಲ್ಲಲಿಲ್ಲ. ಊಟೆಯ ನೀರು ಕಲ್ಲಿನ ಸಂದಿಯಿಂದ ಬೆರಳು ಗಾತ್ರ ಬರುವುದನ್ನು ನೋಡಿದೆ. ನೆಲ್ಲಿಕಾಯಿ ತಿಂದು ಆ ನೀರು ಕುಡಿದರೆ ಸಿಹಿಯಾಗುವುದನ್ನು ನೋಡಿದೆ. ಮಂಜು ತುಂಬಿದ ಬೆಳಿಗ್ಗೆ ಚಪ್ಪಟೆ ಬಂಡೆಯ ಮೇಲೆ ನಿಂತರೆ ಕೆಳಗೆ ಊರೇ ಇರುವುದಿಲ್ಲ; ಬಿಸಿಲೇರಿದಂತೆ ಮೊದಲು ತೆಂಗಿನ ತಲೆ, ಆಮೇಲೆ ಹೆಂಚು, ಆಮೇಲೆ ನಮ್ಮ ಹಸುಗಳು ಕಾಣಿಸುತ್ತವೆ. ಎತ್ತರದ ಕಲ್ಲುಗೋಡೆಗೆ ಹೆಜ್ಜೇನು ಕಟ್ಟಿದ ಜಾಗದಲ್ಲಿ ಮಾತಾಡದೆ ದಾಟಬೇಕು. ಅರಣ್ಯ ಇಲಾಖೆಯ ಗಾರ್ಡು ಇಲ್ಲಿಯವರೆಗೆ ಮಾತ್ರ ಎಂದು ಹೇಳಿದ ಗೆರೆಯಾಚೆ ಅತ್ತೆ ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ. "ಆಚ್ಗಡೆ ಅವುಗಳ್ದು" ಎನ್ನುವರು. ಅವುಗಳು ಎಂದರೆ ಆನೆಗಳು.

ಊರಿನಲ್ಲಿ ಮಾತು ಹುಟ್ಟಿತು. ಬಾಣಂತಿಯಾಗಿದ್ದವಳನ್ನು ಕಾಡು ಸುತ್ತಿಸುತ್ತಾಳೆ, ಗಾಳಿ ಮೆಟ್ಟಿದರೆ ಯಾರು ಹೊಣೆ ಎಂದರು. ಆ ಮಾತು ಬಸ್ಸು ಹತ್ತಿ ಕೊಳ್ಳೇಗಾಲಕ್ಕೂ ತಲುಪಿತು. ಅಮ್ಮ ಒಂದು ಬ್ಯಾಗು ಹಿಡಿದು ಬಂದಿಳಿದಳು.

"ಮಗಳನ್ನ ಕರ್ಕೊಂಡು ಓಗ್ತೀನಿ ಬೀಗ್ತಿ. ತಪ್ಪು ತಿಳ್ಕೋಬ್ಯಾಡಿ" ಅಂದಳು, ನೀರನ್ನೂ ಕುಡಿಯದೆ.

"ತಪ್ಪೇನ್ ಬಂತು, ನಿಮ್ ಮಗ್ಳು. ಕರ್ಕಂಡೋಗಿ" ಅಂದರು ಅತ್ತೆ. "ನಾಳೆ ಬಸ್ಸು ಮದ್ಯಾನುಕ್ಕೆ. ಬೆಳಿಗ್ಗೆ ನೀವೂ ಒಂದ್ ಗಳ್ಗೆ ಬನ್ನಿ ನಮ್ ಜೊತೇಲಿ. ಎಲ್ಲಿಗ್ ಓಯ್ತಾ ಇದ್ಲು ಅಂತ ನೋಡ್ಕಂಡಾದ್ರೂ ಓಗಿ."

ಬೆಳಿಗ್ಗೆ ನೀರು ಬೀಳುವ ಜಾಗಕ್ಕೆ ಹೊರಟೆವು. ಊರಿನವರು ಅದಕ್ಕೆ ಹೆಸರಿಟ್ಟಿಲ್ಲ, ನೀರು ಬೀಳುವ ಜಾಗ ಅಂತಲೇ ಕರೆಯುತ್ತಾರೆ. ವಯಸ್ಸೆಲ್ಲ ಕೂತೇ ಕೆಲಸ ಮಾಡಿದ ಅಮ್ಮ ದಾರಿಯುದ್ದಕ್ಕೂ ಬೈದಳು. ಕಾರೆ ಮುಳ್ಳಿಗೆ ಸೆರಗು ಸಿಕ್ಕಿದಾಗ ನನ್ನನ್ನು ಬೈದಳು, ಜಾರಿದಾಗ ಅಳಿಯನನ್ನು ಬೈದಳು. ಕಡಿದಾದ ಕಡೆ ಅತ್ತೆ ಕೆಳಗೆ ನಿಂತು ಅವಳ ಹಿಮ್ಮಡಿಗೆ ತಮ್ಮ ಹೆಗಲನ್ನೇ ಕೊಟ್ಟರು. ಬೀಗಿತ್ತಿಯ ಹೆಗಲಿಗೆ ಕಾಲಿಡುವುದೇ ಎಂದು ಅಮ್ಮ ಒದ್ದಾಡಿದಳು. "ಇಡಿ ಇಡಿ, ನಾನೇನ್ ದೇವ್ರಾ?" ಎಂದು ಅತ್ತೆ ಗದರಿದರು. ಆ ಗದರಿಕೆಗೆ ನನಗೆ ನಗು ಬಂತು. ಜೋರಾಗಿಯೇ ಬಂತು. ಅಮ್ಮ ಅರ್ಧ ಬಂಡೆಯ ಮೇಲೆ ಹಾಗೇ ನಿಂತು ನನ್ನ ಮುಖ ನೋಡಿದಳು.

ಮೇಲೆ ಹೋದ ಮೇಲೆ ಅವಳು ಸೀರೆ ಎತ್ತಿಕಟ್ಟಿ ನೀರು ಬಿದ್ದು ನಿಂತ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು. ಎದ್ದದ್ದು ಬಿಸಿಲು ಚುರುಕಾದ ಮೇಲೆ. ಮಧ್ಯಾಹ್ನದ ಬಸ್ಸಿಗೆ ಒಬ್ಬಳೇ ಹೊರಟಳು. ಬಸ್ಸು ಬರುವ ಮುಂಚೆ ನನ್ನ ಕಿವಿಯಲ್ಲಿ, "ಚಪ್ಪಲಿ ಒಳ್ಳೇದೊಂದು ತಕೊಳೇ" ಎಂದಳು. ಅಷ್ಟೇ.

ಆಮೇಲೆ ಒಂದು ದಿನ ಚಪ್ಪಟೆ ಬಂಡೆಯ ಹತ್ತಿರ ನಿಜವಾಗಿಯೂ ಆನೆ ಸಿಕ್ಕಿತು. ಒಂಟಿ ಸಲಗ. ಗೆರೆಯ ಈಚೆಗೇ ಬಂದು ಬಿದಿರು ಮುರಿಯುತ್ತಿತ್ತು. ಅತ್ತೆ ನನ್ನ ಜಡೆ ಹಿಡಿದು ಹಿಂದಕ್ಕೆಳೆದರು. ಸದ್ದಿಲ್ಲದೆ ಬಂಡೆಯ ಕಡಿದಾದ ಮಗ್ಗುಲಿನಿಂದ ನನ್ನನ್ನು ಮೇಲಕ್ಕೆ ನೂಕಿ ತಾವೂ ಹತ್ತಿದರು. ಮೇಲೆ ಬಂದವರೇ ಮತ್ತೆ ನನ್ನ ಜಡೆ ಹಿಡಿದುಕೊಂಡರು. ಅತ್ತೆಗೂ ಹೆದರಿಕೆಯಾಗುತ್ತದೆಂದು ನನಗೆ ಗೊತ್ತಾದದ್ದು ಅವತ್ತೇ. ಆನೆ ಹೋಗುವ ಲಕ್ಷಣ ಕಾಣಲಿಲ್ಲ. ಇಳಿಯುವಂತಿಲ್ಲ, ಜೋರಾಗಿ ಮಾತಾಡುವಂತಿಲ್ಲ. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಕೂತೇ ಇದ್ದೆವು.

ಆಗ ಅವರು ಪಿಸುಗುಟ್ಟುತ್ತ ಹೇಳಿದರು: "ನಿನ್ ಗಂಡುಂಗಿಂತ ಮುಂಚೆ ನಂಗ್ ಇಬ್ರು ಎಣ್ಮಕ್ಳು ಮಗ. ಒಂದ್ ನಡ್ಯಾ ಗಂಟ ಇತ್ತು. ಇನ್ನೊಂದ್ ಮಾತೂ ಆಡ್ತಿತ್ತು. ಒಂದೇ ಮಳೆಗಾಲ್ದಲಿ ಜರ ಬಂದು ಎರಡೂ ಓದೋ."

"ಆಮೇಲ್ ಏನ್ ಮಾಡುದ್ರಿ ಅತ್ತೆ?" ಎಂದೆ.

"ಏನ್ ಮಾಡ್ನಿ? ಅದೇ ಒಳ್ಗಡೆ ಕ್ವಾಣೆ, ಅದೇ ಮೂಲೆ. ಅಲ್ಲೇ ಕುಂತಿದ್ದಿ. ಬರೋರ್ ಬಂದರು, ಮಾತಾಡುದ್ರು, ಓದ್ರು. ಎದ್ ಬಾ ಅಂತ ಯಾರೂ ಕರೀನಿಲ್ಲ." ಬಗ್ಗಿ ಆನೆಯನ್ನೊಮ್ಮೆ ನೋಡಿ ಮತ್ತೆ ಹೇಳಿದರು. "ಒಬ್ರಾರು ಕರೆದಿದ್ರ ಎದ್ಬುಡ್ತಿದ್ದಿ ಕನ ಮಗ."

ಆ ಮಕ್ಕಳ ಹೆಸರು ಕೇಳಿದೆ. ಹೇಳಿದರು. ಸಂಜೆಯ ತಂಪಿಗೆ ಆನೆ ತನ್ನಷ್ಟಕ್ಕೆ ಗೆರೆಯಾಚೆ ಹೋಯಿತು. ಮನೆಗೆ ಬಂದ ಮೇಲೆ ಅತ್ತೆ ಆ ವಿಷಯವನ್ನು ಮತ್ತೆ ಎತ್ತಲಿಲ್ಲ, ಹಸುಗಳ ಹಾಲು ಕರೆಯಲು ತಡವಾಯಿತೆಂದು ಪೇಚಾಡಿಕೊಂಡರು.

ನನಗೆ ಮಗಳು ಹುಟ್ಟಿದಳು. ಕತ್ತು ನಿಂತ ಕೂಡಲೇ ಅವಳನ್ನೂ ಸೊಂಟಕ್ಕೆ ಕಟ್ಟಿಕೊಂಡು ಅತ್ತೆ ಊಟೆಯವರೆಗೆ ಒಯ್ಯುತ್ತಿದ್ದರು. ಈಚಿನ ವರ್ಷಗಳಲ್ಲಿ ಮೊಬೈಲಿನಲ್ಲಿ ನೀರು ಬೀಳುವ ಜಾಗದ ಫೋಟೊ ನೋಡಿಕೊಂಡು ಮೈಸೂರು, ಬೆಂಗಳೂರು ಕಡೆಯಿಂದ ಬೈಕಿನಲ್ಲಿ ಹುಡುಗ ಹುಡುಗಿಯರು ಬರತೊಡಗಿದರು. ಮಜ್ಜಿಗೆ ಕೊಟ್ಟು ಅತ್ತೆಯೇ ಮುಂದೆ ನಡೆಯುವರು. "ಬಂದ್ ತಕ್ಷಣ ಪೋಟ ಇಡೀಬ್ಯಾಡಿ ಕನ್ರಪ್ಪ, ಮೊದ್ಲು ಕುಂತ್ಕಳಿ" ಎನ್ನುವುದು ಅವರ ಒಂದೇ ನಿಯಮ. ಹುಡುಗರು ನಗುತ್ತ ಕೂರುತ್ತಿದ್ದರು. ಅವರ ಜೊತೆ ತಾವೂ ನಕ್ಕು, ಯಾರಿಗೆ ಮದುವೆಯಾಗಿದೆ, ಯಾರಿಗಿಲ್ಲ ಎಂದು ವಿಚಾರಿಸುತ್ತಿದ್ದರು.

ಮಂಡಿ ಊದಿಕೊಂಡು ಬೆಟ್ಟ ಹತ್ತಬಾರದೆಂದು ಡಾಕ್ಟರು ಹೇಳಿದ ಮೇಲೆ ಅವರು ಜಗಲಿ ಹಿಡಿದರು. ಗೊಣಗಲಿಲ್ಲ. ನಾನು ಹೋಗಿ ಬಂದು ಕಂಡದ್ದೆಲ್ಲ ಹೇಳಬೇಕಿತ್ತು. ನೀರು ಎಷ್ಟು ಬಂದಿದೆ, ಕಾರೆ ಹಣ್ಣಾಯಿತೇ, ಜೇನು ಎದ್ದು ಹೋಯಿತೇ. ನಾನು ಚುಟುಕಾಗಿ ಹೇಳಿದರೆ, "ನೋಡೇ ಇಲ್ಲ ನೀನು" ಎಂದು ಬೈಗುಳ. ಹೋದ ವರ್ಷ ಮಳೆ ಬಿಟ್ಟ ಒಂದು ಬೆಳಿಗ್ಗೆ ಕಾಫಿ ಕುಡಿದು ಗೋಡೆಗೆ ಒರಗಿದವರು ಹಾಗೇ ಹೋದರು. ಹೊಲದಲ್ಲಿ ಮಾವನ ಪಕ್ಕದಲ್ಲೇ ಮಣ್ಣು ಮಾಡಿದೆವು.

ತಿಥಿಯೆಲ್ಲ ಮುಗಿದ ಮೇಲೆ ನಮ್ಮವರು ಕೆಲಸಕ್ಕೆ ಹೊರಡದೆ ಬಾಗಿಲಲ್ಲಿ ಸುಳಿದಾಡುತ್ತಿದ್ದರು. ಅದೇ ಊರಿನಲ್ಲಿ ಹುಟ್ಟಿದ್ದರೂ ಚಿಕ್ಕಂದಿನಲ್ಲೇ ಹಾಸ್ಟೆಲು, ಆಮೇಲೆ ಬಸ್ಸು ಎಂದು ಅವರು ಬೆಟ್ಟದ ಕಡೆ ತಲೆ ಹಾಕಿದವರಲ್ಲ. "ಅವ್ವ ಎಲ್ಲೆಲ್ಲಿ ಓಯ್ತಿದ್ಲು, ನಂಗೂ ತೋರ್ಸು" ಎಂದರು.

ಕರೆದುಕೊಂಡು ಹೋದೆ. ಅಭ್ಯಾಸವಿಲ್ಲದ ಅವರಿಗೆ ಏದುಸಿರು. ಚಪ್ಪಟೆ ಬಂಡೆಯ ಮೇಲೆ ಕೂತು ನೀರು ಕುಡಿದ ಮೇಲೆ ಆನೆಯ ದಿನದ ಕಥೆಯನ್ನು ಪೂರ್ತಿ ಹೇಳಿದೆ. ತಮಗಿಂತ ಮೊದಲು ಎರಡು ಕೂಸು ಹೋದವೆಂದು ಯಾರೋ ಅಂದದ್ದು ಅವರಿಗೆ ಗೊತ್ತಿತ್ತು. ಅಷ್ಟು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ.

"ಎಸ್ರು ಇಟ್ಟಿದ್ರಾ ಅವುಕ್ಕೆ?" ಎಂದು ಕೇಳಿದರು.

ಇಟ್ಟಿದ್ದರು ಎಂದು ಎರಡೂ ಹೆಸರು ಹೇಳಿದೆ. ನಮ್ಮವರು ಆ ಹೆಸರುಗಳನ್ನು ಒಂದೊಂದಾಗಿ, ಸ್ಟಾಪು ಬಂದಾಗ ಕೂಗುವ ಹಾಗೆ ಅಲ್ಲ, ಮೆಲ್ಲಗೆ, ಒಂದೊಂದರ ಕೊನೆಗೂ ಅಕ್ಕ ಎಂದು ಸೇರಿಸಿ ಹೇಳಿ ನೋಡಿಕೊಂಡರು.