ಕಂಬವಿಲ್ಲದ ಗೋಲಿನಲ್ಲಿ ಕಲಿತ ಕಾರ್ನರ್ ಕಿಕ್

೧೯೬೩ರಲ್ಲಿ ನಾನು ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಕಾರ್ಮಿಕ ಕಲ್ಯಾಣ ವಿಭಾಗದ ಸಹಾಯಕನಾಗಿದ್ದೆ. ಬಿ.ಎಸ್ಸಿ. ಓದಿದವನು, ಲೆಕ್ಕ ಸರಿಯಾಗಿ ಬರೆದಿಡುತ್ತಾನೆ ಎಂಬ ಒಂದೇ ಕಾರಣಕ್ಕೆ ಕಾರ್ಖಾನೆಯ ಫುಟ್‌ಬಾಲ್ ತಂಡದ ಮ್ಯಾನೇಜರ್ ಕೆಲಸವೂ ನನ್ನ ತಲೆಗೆ ಬಿತ್ತು. ಅಲ್ಲಿಯವರೆಗೆ ನಾನು ಚೆಂಡನ್ನು ನೆಟ್ಟಗೆ ಒದ್ದವನೂ ಅಲ್ಲ.

ಆ ವರ್ಷ ಲೀಗ್‌ನಲ್ಲಿ ನಾವು ಕೊನೆಯಿಂದ ಎರಡನೆಯವರು. ಕೊನೆಯ ಇಬ್ಬರು ಕೆಳಗಿನ ಡಿವಿಷನ್‌ಗೆ ಇಳಿಯಬೇಕು. ಇಳಿದರೆ ತಂಡವನ್ನೇ ಮುಚ್ಚುವುದಾಗಿ ಆಡಳಿತದವರು ಹೇಳಿಬಿಟ್ಟಿದ್ದರು. ಅದರ ಪೆಟ್ಟು ಬೀಳುತ್ತಿದ್ದುದು ಎಲ್ಲರಿಗಿಂತ ಹೆಚ್ಚಾಗಿ ಕ್ಯಾಪ್ಟನ್ ದೊರೆಸ್ವಾಮಿಗೆ. ಮತ್ತಿಕೆರೆಯವನು, ಮೂವತ್ತು ದಾಟಿದವನು. ಆಟಕ್ಕೆಂದೇ ಕೆಲಸಕ್ಕೆ ತೆಗೆದುಕೊಂಡಿದ್ದರು, ಆದರೆ ನಾಲ್ಕು ವರ್ಷವಾದರೂ ಕಾಯಂ ಮಾಡಿರಲಿಲ್ಲ. ತಂಡ ಹೋದರೆ ಅವನ ಕೆಲಸವೂ ಹೋಗುತ್ತಿತ್ತು.

ನನಗೆ ಗೊತ್ತಿದ್ದ ವಿದ್ಯೆ ಒಂದೇ, ಬರೆದಿಡುವುದು. ಪ್ರತಿ ಪಂದ್ಯದ ಗೋಲು ಹೇಗೆ ಬಂತೆಂದು ಪುಸ್ತಕದಲ್ಲಿ ಗುರುತು ಹಾಕುತ್ತಿದ್ದೆ. ಒಂದು ಸಂಜೆ ಪುಟ ತಿರುವುತ್ತಿದ್ದವನು ಎದ್ದು ನಿಂತೆ. ನಾವು ತಿಂದ ಹನ್ನೊಂದು ಗೋಲುಗಳಲ್ಲಿ ಎಂಟು ಡೆಡ್ ಬಾಲ್‌ನಿಂದ ಬಂದಿದ್ದವು. ಆಟ ನಿಲ್ಲಿಸಿ, ಚೆಂಡನ್ನು ನೆಲದ ಮೇಲಿಟ್ಟು ಒದೆಯುತ್ತಾರಲ್ಲ, ಕಾರ್ನರ್ ಕಿಕ್, ಫ್ರೀ ಕಿಕ್, ಅವಕ್ಕೆ ಆಗ ಹಾಗೆ ಹೇಳುತ್ತಿದ್ದರು. ಓಡಾಟದ ಆಟದಲ್ಲಿ ನಾವು ಯಾರಿಗೂ ಕಡಿಮೆಯಿರಲಿಲ್ಲ. ಚೆಂಡು ನಿಂತಾಗ ಮಾತ್ರ ಸೋಲುತ್ತಿದ್ದೆವು!

ಮರುದಿನದಿಂದಲೇ ಶಿಫ್ಟ್‌ಗೆ ಮುಂಚೆ ಮತ್ತಿಕೆರೆಯ ಬಯಲಿನಲ್ಲಿ ಬರೀ ಡೆಡ್ ಬಾಲ್ ಅಭ್ಯಾಸ. ಯಾರು ಎಲ್ಲಿ ನಿಲ್ಲಬೇಕೆಂದು ಕಾಗದದ ಮೇಲೆ ಗೆರೆ ಎಳೆದು ತೋರಿಸಿದೆ. ಮುಂದಿನ ಮೂರು ಪಂದ್ಯಗಳಲ್ಲಿ ಕಾರ್ನರ್‌ನಿಂದ ಒಂದು ಗೋಲೂ ತಿನ್ನಲಿಲ್ಲ. ಎರಡು ಗೆದ್ದೆವು, ಒಂದು ಡ್ರಾ. ಕೊನೆಯ ಪಂದ್ಯ ಗೆದ್ದರೆ ಉಳಿದೆವು.

ಅದಕ್ಕಾಗಿ ಒಂದು ಉಪಾಯವನ್ನು ಬಚ್ಚಿಟ್ಟಿದ್ದೆ. ನಮ್ಮ ತಂಡದ ಆಟಗಾರ, ಕೋಗಿಲು ಊರಿನ ಕೆಂಪಣ್ಣ ಬರಿಗಾಲಿನಲ್ಲಿ ಕಾರ್ನರ್ ಒದೆಯುತ್ತಿದ್ದ. ಚೆಂಡು ಹತ್ತಿರದ ಗೋಲುಕಂಬದ ಮುಂದೆ, ಎದೆಮಟ್ಟಕ್ಕೆ, ಬಾಣದಂತೆ ಬರಬೇಕು. ದೂರದಲ್ಲಿ ಸುಮ್ಮನೆ ನಿಂತಂತಿರುವ ದೊರೆಸ್ವಾಮಿ, ಕೆಂಪಣ್ಣ ಕೈ ಎತ್ತಿದ ಸನ್ನೆಗೆ ಓಡಿಬಂದು, ಬಗ್ಗಿ ತಲೆ ಕೊಡಬೇಕು.

"ಇಂಗೆ ಒದ್ರೆ ಆಯ್ತಾ ಸಾರ್?" ಎನ್ನುತ್ತಿದ್ದ ಕೆಂಪಣ್ಣ.

"ಇನ್ನೂ ಒಂದ್ ಗೇಣು ಕೆಳಗೆ ಕಣೋ. ನನ್ನ ತಲೆ ಏನು ತೆಂಗಿನ ಮರದ ತುದೀಲಿದೆಯಾ?" ಎಂದು ದೊರೆಸ್ವಾಮಿ ರೇಗಿಸುತ್ತಿದ್ದ.

ಆ ಬಯಲಿನಲ್ಲಿ ಗೋಲುಕಂಬ ನೆಟ್ಟರೆ ಎರಡು ದಿನದಲ್ಲಿ ಯಾರದೋ ಒಲೆ ಸೇರುತ್ತಿತ್ತು. ಹಾಗಾಗಿ ನಮ್ಮವರು ಅಂಗಿ ಕಳಚಿ ಎರಡು ಗುಡ್ಡೆ ಮಾಡುತ್ತಿದ್ದರು. ಅವೇ ಕಂಬ. ದೊರೆಸ್ವಾಮಿ ಕೊನೆಗಳಿಗೆಯಲ್ಲಿ ವೇಗ ತಗ್ಗಿಸಿದಾಗಲೆಲ್ಲ ನಾನು ಕೂಗುತ್ತಿದ್ದೆ: "ಚೆಂಡು ಮಾತ್ರ ನೋಡು! ಅಂಗಿ ದಾಟೋವರೆಗೂ ನಿಲ್ಲಬೇಡ!" ದಿನಕ್ಕೆ ನಲವತ್ತು ಸಲ ಅಂಗಿಗಳನ್ನು ಹಾರಿ ದಾಟಿದ.

ಕೊನೆಯ ಪಂದ್ಯ ಹೆಬ್ಬಾಳದ ಬಳಿ, ಎದುರಾಳಿಗಳ ಮೈದಾನದಲ್ಲಿ. ಹಗ್ಗದಾಚೆ ಜನ ಕಿಕ್ಕಿರಿದಿದ್ದರು. ಆಟ ಮುಗಿಯಲು ನಾಲ್ಕು ನಿಮಿಷ, ಎರಡೂ ಕಡೆ ಸೊನ್ನೆ. ಆಗ ನಮಗೆ ಬಲಗಡೆ ಕಾರ್ನರ್ ಸಿಕ್ಕಿತು.

ಎದುರಾಳಿ ಗೋಲ್‌ಕೀಪರ್ ದೊರೆಸ್ವಾಮಿಯನ್ನು ನೋಡಿ ನಕ್ಕ. "ಏನ್ ಗುರು, ಅಷ್ಟು ದೂರ ನಿಂತಿದೀಯ? ಬಸ್ ಕಾಯ್ತಿದೀಯಾ?"

"ಬರುತ್ತೆ ಇರು ಮಗಾ," ಎಂದ ದೊರೆಸ್ವಾಮಿ.

ಕೆಂಪಣ್ಣ ಕೈ ಎತ್ತಿದ. ದೊರೆಸ್ವಾಮಿ ನುಗ್ಗಿದ. ಚೆಂಡು ಬಂತು, ಎದೆಮಟ್ಟಕ್ಕೆ, ಕಂಬದ ಮುಂದೆ, ನಾನು ಕಾಗದದಲ್ಲಿ ಚುಕ್ಕೆಯಿಟ್ಟ ಜಾಗಕ್ಕೇ! ತಲೆ ತಗುಲಿತು, ಬಲೆ ಉಬ್ಬಿತು. ನನ್ನ ಬಾಯಿಂದ ಕೇಕೆ ಹೊರಟಿತ್ತು. ಆದರೆ ಅವನು ನಿಲ್ಲಲಿಲ್ಲ. ಅದೇ ವೇಗದಲ್ಲಿ ಮುಂದೆ ಹಾರಿದ, ಅಂಗಿ ದಾಟುವವನಂತೆ. ಅಲ್ಲಿ ಅಂಗಿಯಿರಲಿಲ್ಲ. ಚೌಕಾಕಾರದ ಮರದ ಗೋಲುಕಂಬವಿತ್ತು. ಆ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

ನಮ್ಮ ಕಡೆಯ ಜನ ಗೋಲು ಗೋಲು ಎಂದು ಕುಣಿಯುತ್ತಿದ್ದರು. ಕೆಳಗೆ ಬಿದ್ದವನನ್ನು ಯಾರೂ ನೋಡಿರಲಿಲ್ಲ. ನಾನು ಓಡಿದೆ. ಮುಖ ನೀಲಿಯಾಗುತ್ತಿತ್ತು, ಎದೆ ಏಳುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಕೊಟ್ಟಿದ್ದ ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಹೇಳಿದ್ದು ನೆನಪಾಯಿತು: ಪ್ರಜ್ಞೆ ತಪ್ಪಿದವನ ನಾಲಿಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟುತ್ತದೆ. ಅವನನ್ನು ಮಗ್ಗುಲಾಗಿಸಿ, ದವಡೆ ಮುಂದಕ್ಕೆಳೆದು, ನಾಲಿಗೆಯನ್ನು ಕರವಸ್ತ್ರದಲ್ಲಿ ಹಿಡಿದೆ. ಒಂದು, ಎರಡು, ಮೂರು... ಏಳು ಎಣಿಸುವಾಗ ಗೊರಕೆಯಂಥ ಸದ್ದಿನೊಂದಿಗೆ ಉಸಿರು ಬಂತು. ಅವನನ್ನು ಹಾಗೇ ಮಗ್ಗುಲಲ್ಲಿ ಹಿಡಿದುಕೊಂಡು ಜೀಪಿನಲ್ಲಿ ಆಸ್ಪತ್ರೆಗೆ ಸಾಗಿಸಿದೆವು. ಪಂದ್ಯ ಗೆದ್ದ ಸುದ್ದಿ ನಮಗೆ ತಿಳಿದದ್ದು ಅಲ್ಲಿ.

ಮೂರನೆಯ ದಿನ ಅವನು ಎದ್ದು ಕೂತ. ತಲೆಗೆ ಹದಿನಾಲ್ಕು ಹೊಲಿಗೆ. ಇನ್ನು ಮುಂದೆ ಚೆಂಡಿಗೆ ತಲೆ ಕೊಡಕೂಡದೆಂದು ಡಾಕ್ಟರು ಹೇಳಿದ್ದರು. ತಂಡ ಉಳಿಸಿದ್ದಕ್ಕೆ ಆಡಳಿತದವರು ಅವನ ಕೆಲಸ ಕಾಯಂ ಮಾಡಿದ ಆದೇಶ ನನ್ನ ಜೇಬಿನಲ್ಲಿತ್ತು. ಅದನ್ನು ಕೊಡುವ ಮುಂಚೆ ಹೇಳಿಬಿಟ್ಟೆ: "ತಪ್ಪು ನಂದು ದೊರೆ. ಅಭ್ಯಾಸದಲ್ಲಿ ಕಂಬ ಇರಬೇಕಿತ್ತು. ನಾನು ಯೋಚನೆ ಮಾಡಲಿಲ್ಲ."

ಅವನು ತಲೆಯ ಪಟ್ಟಿ ಮುಟ್ಟಿ ನೋಡಿಕೊಂಡ. "ಕಂಬ ಇದ್ದಿದ್ರೆ ನಾನು ಹಂಗೆ ನುಗ್ತಿರ್ಲಿಲ್ಲ ಸಾರ್," ಎಂದ. "ಗೋಲೂ ಬರ್ತಿರ್ಲಿಲ್ಲ."

ಆದೇಶವನ್ನು ತೆಗೆದು ಅವನ ಕೈಗಿಟ್ಟೆ. ಕೆಲಸ ನನಗೆ ಕಲಿಸಿದ್ದು ಇಷ್ಟು: ಇನ್ನೊಬ್ಬ ಓಡಬೇಕಾದ ದಾರಿಗೆ ಕಾಗದದ ಮೇಲೆ ಗೆರೆ ಎಳೆಯುವವನು, ಆ ಗೆರೆಯ ಕೊನೆಯಲ್ಲಿ ಏನು ನಿಂತಿದೆ ಎಂದು ಮೊದಲು ತಾನೇ ಹೋಗಿ ಕೈಯಿಟ್ಟು ನೋಡಬೇಕು.