ದೀಪ ಆರಿಸಿ ನೋಡುತ್ತಿದ್ದ ಅತ್ತೆ

ನಮ್ಮತ್ತೆ ಅಡುಗೆಮನೆಯ ಕಿಟಕಿಗೆ ಹಣೆಯೊತ್ತಿ ನಿಂತರೆ ಗಾಜಿನ ಮೇಲೆ ಕುಂಕುಮದ ದುಂಡು ಗುರುತು ಉಳಿಯುತ್ತಿತ್ತು. ಒರೆಸಿ ಒರೆಸಿ ನನಗೆ ಸಾಕಾಗಿತ್ತು. ಕುಂದಾಪುರದಿಂದ ವಿಲಾಯತಿಗೆ, ಕೊಲಿಂಡೇಲಿನ ನಮ್ಮ ಫ್ಲಾಟಿಗೆ ಬಂದ ಮೇಲೆ, ಸಂಜೆ ಮಗ ಕಾರ್ ಪಾರ್ಕ್ ದಾಟಿ ಬರುವುದನ್ನು ಕಾಯುವುದೇ ಅವರ ದೊಡ್ಡ ಕೆಲಸ.

ಆ ಚಳಿಗಾಲ ನನ್ನನ್ನು ಒಂದು ಕೊಲೆ ಮೊಕದ್ದಮೆಗೆ ಜ್ಯೂರಿಯಾಗಿ ಕರೆದರು. ಅಪರಾಧಿ ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಹನ್ನೆರಡು ಜನರಲ್ಲಿ ನಾನೊಬ್ಬಳು. ಸೊಸೆ ಜಡ್ಜ್ ಆದಳೆಂದು ಅತ್ತೆ ಊರಿಗೆಲ್ಲ ಫೋನು ಮಾಡಿ ಡಂಗುರ ಹೊಡೆದರು. ಕೇಸಿನ ಬಗ್ಗೆ ಮನೆಯಲ್ಲಿ ಬಾಯಿ ಬಿಡುವಂತಿಲ್ಲ ಅಂದಾಗ ಮಾತ್ರ ಅವರ ಮುಖ ಸಪ್ಪಗಾಯಿತು.

ಆರೋಪಿ ಇನ್ನೂ ಮೀಸೆ ಬಲಿಯದ ಹುಡುಗ. ಕತ್ತಲಾದ ಮೇಲೆ ಅಡುಗೆ ಮಾಡುತ್ತಾ ಕಿಟಕಿಯಿಂದ ಇವನ ಮುಖ ಸ್ಪಷ್ಟವಾಗಿ ಕಂಡೆ ಎಂದು ಕೊಲೆ ನಡೆದ ಜಾಗದ ಎದುರು ಬ್ಲಾಕಿನವನೊಬ್ಬ ಸಾಕ್ಷಿ ಹೇಳಿದ. ದನಿಯಲ್ಲಿ ಅಳುಕಿರಲಿಲ್ಲ. ನನಗೇ ಏನೋ ಕಸಿವಿಸಿ.

ಅಂದು ಸಾರಿಗೆ ಒಗ್ಗರಣೆ ಇಟ್ಟಿದ್ದೆ. ಅತ್ತೆ ಪಟ್ಟನೆ ಲೈಟ್ ಆರಿಸಿ ಕಿಟಕಿಗೆ ಹೋದರು. ದಿನಾ ಇದೇ ಗೋಳು. ಕತ್ತಲಲ್ಲಿ ಕೈ ಸುಟ್ಟುಕೊಳ್ಳಬೇಕಾ ಎಂದು ರೇಗಿದೆ.

"ಒಳ್ಗೆ ಲೈಟಿದ್ರೆ ಗಾಜಲ್ಲಿ ನಮ್ ಮೋರೆಯೇ ಕಾಣ್ತ್. ಹೊರ್ಗೆ ಎಂತ ಕಾಣ್ತ್ ಮಾರಾಯ್ತಿ?"

ಒಗ್ಗರಣೆ ಸೀದುಹೋಯಿತು. ಆ ಸಾಕ್ಷಿಯ ಅಡುಗೆಮನೆಯಲ್ಲಿ ಲೈಟ್ ಉರಿಯುತ್ತಿತ್ತೇ ಎಂದು ಯಾರೂ ಕೇಳಿರಲಿಲ್ಲ. ಕೇಳಬೇಕಾದರೆ ನಾನೇ ಚೀಟಿ ಬರೆದು ಜಡ್ಜ್‌ಗೆ ಕಳಿಸಬೇಕು. ಅಷ್ಟು ದೊಡ್ಡ ವಕೀಲರಿಗೆ ಹೊಳೆಯದ್ದು ಇವಳಿಗೆ ಹೊಳೆಯಿತಂತೆ ಎಂದು ನಕ್ಕರೆ? ಊಟ ಸೇರಲಿಲ್ಲ. ಒಂದು ಅನುಮಾನವಿದೆ, ಏನೆಂದು ಹೇಳುವಂತಿಲ್ಲ ಎಂದಷ್ಟೇ ಅತ್ತೆಗೆ ಹೇಳಿದೆ.

ಅವರು ನನ್ನ ತಟ್ಟೆಗೆ ಮಜ್ಜಿಗೆ ಸುರಿಯುತ್ತಾ, "ಹೇಳ್ಬೇಡಿ ಅಂದಿರ್ ಅಲ್ದಾ? ಕೇಣ್ಬೇಡಿ ಅಂದಿರಾ?" ಎಂದರು.

ಹೌದು, ಕೇಳಬೇಡಿ ಎಂದು ಯಾರೂ ಅಂದಿರಲಿಲ್ಲ. ಮರುದಿನ ಚೀಟಿ ಕೊಟ್ಟೆ. ಜಡ್ಜ್ ಸಾಕ್ಷಿಯನ್ನು ಮತ್ತೆ ಕರೆಸಿ ಅದನ್ನು ಗಟ್ಟಿಯಾಗಿ ಓದಿದರು. ಸಾಕ್ಷಿ ಮೊದಲು ಹೌದು, ಲೈಟ್ ಹಾಕಿತ್ತು ಎಂದ. ಆಮೇಲೆ ತಡವರಿಸಿದ. ಕೊನೆಗೆ, ಕಂಡದ್ದು ಈ ಹುಡುಗನನ್ನೇ ಎಂದು ಖಂಡಿತ ಹೇಳಲಾರೆ ಅಂದುಬಿಟ್ಟ. ನಾವು ಹನ್ನೆರಡು ಮಂದಿ ಒಳಗೆ ಏನು ಮಾತಾಡಿದೆವೆಂದು ಇವತ್ತಿಗೂ ಹೇಳುವಂತಿಲ್ಲ. ತೀರ್ಪು ಮಾತ್ರ ಎಲ್ಲರೆದುರು ಬಂತು: ನಿರ್ದೋಷಿ. ಹುಡುಗನ ತಾಯಿ ಗಳಗಳನೆ ಅತ್ತಳು.

ಕೋರ್ಟಿನಲ್ಲಿ ಬಹಿರಂಗವಾಗಿ ನಡೆದಷ್ಟನ್ನು ಅಂದು ಅತ್ತೆಗೆ ಹೇಳಿ, ಇದೆಲ್ಲ ನಿಮ್ಮಿಂದಲೇ ಎಂದೆ. ಹೊಗಳಿಕೆ ಅವರ ಕಿವಿಗೆ ಬೀಳಲೇ ಇಲ್ಲ. ಆ ತಾಯಿ ಇವತ್ತಾದರೂ ಸರಿಯಾಗಿ ಉಂಡಾಳೇ ಎಂದು ಕೇಳಿದರು.

ಕೆಲವು ವರ್ಷಗಳ ನಂತರ ಅತ್ತೆ ಆಸ್ಪತ್ರೆ ಸೇರಿದರು. ಇನ್ನು ಹೆಚ್ಚು ದಿನವಿಲ್ಲ ಎಂದು ಅವರಿಗೂ ಗೊತ್ತಿತ್ತು. ಮನೆಗೆ ಹೋಗುವ ಎಂದು ನನ್ನ ಸೆರಗು ಜಗ್ಗುತ್ತಿದ್ದರು. ಡಾಕ್ಟರು ಆಗುವುದಿಲ್ಲ ಎಂದರು. ಯಾಕಾಗುವುದಿಲ್ಲ ಎಂದು ಕೇಳಿದೆ. ಮತ್ತೆ ಕೇಳಿದೆ. ಅವರು ಒಪ್ಪುವವರೆಗೂ ಕೇಳಿದೆ.

ಅತ್ತೆ ನಮ್ಮ ಮನೆಯಲ್ಲೇ, ಮಗನ ಕೈ ಹಿಡಿದುಕೊಂಡು ಹೋದರು.