ಎಂ. ಪಿರೇರಾ ಬರೆದ ಮೀನಿನ ಹೆಂಗಸರು

ಆ ಚಿತ್ರ ಬರೆದವನು ನಾನಲ್ಲ, ಮಾರ್ತಾ ಮೇಡಂ. ಬರೆದದ್ದು ನೀವು. ಮಸ್ಕತ್ತಿನ ಮ್ಯೂಸಿಯಮ್ಮಿಗೆ ಮಾತ್ರ ಇದು ಗೊತ್ತಿಲ್ಲ. ಗೊತ್ತಾಗದ ಹಾಗೆ ಮಾಡಿದವನು ನಾನು — ಮೌರಿಸ್ ಪಿರೇರಾ, ಅಲ್ ಮಬೇಲಾದಲ್ಲಿ ನನ್ನಷ್ಟು ಚಂದ ಫ್ರೇಮ್ ಹಾಕುವವನು ಇನ್ನೂ ಹುಟ್ಟಿಲ್ಲ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುವವನು. ಅದೊಂದು ಸುಳ್ಳಲ್ಲ, ಬಿಡಿ.

ಉರುಗ್ವೆಗೆ ವಾಪಸು ಹೊರಡುವಾಗ ಆ ಚಿತ್ರವನ್ನು ನೀವು ಮ್ಯೂಸಿಯಮ್ಮಿಗೆ ಕೊಟ್ಟಿರಿ. ಫ್ರೇಮ್ ಹಾಕಿ ತಲುಪಿಸಿದ್ದು ನಾನು. ನಿಮ್ಮೂರ ಬಂದರಿನಲ್ಲಿ ಬುಟ್ಟಿ ಇಟ್ಟುಕೊಂಡು ಮೀನು ಮಾರುವ ಹೆಂಗಸರು — ನಮ್ಮ ಕಡೆಯವರು ಯಾರು ನೋಡಿದರೂ ಮಲ್ಪೆ ಎನ್ನಬೇಕು. ಮೂಲೆಯಲ್ಲಿ ಸಹಿ ಬೇರೆ: ಎಂ. ಪಿರೇರಾ. ನಿಮ್ಮ ಹೆಸರೂ ಅದೇ, ನನ್ನದೂ ಅದೇ.

ದಾಖಲೆ ಬರೆಯಲು ಕೂತಿದ್ದವರು ನಮ್ಮ ಉಡುಪಿಯ ಶೆಟ್ರು. ಸಹಿ ನೋಡಿದರು, ನನ್ನ ಮುಖ ನೋಡಿದರು.

“ಎಂತ ಮೌರಿಸ್, ಇದು ನೀನು ಬರ್ದದ್ದಾ ಮಾರಾಯ?”

“ಮತ್ತೆಂತ, ನಿಮ್ಮ ಅಜ್ಜ ಬರ್ದದ್ದಾ ಶೆಟ್ರೇ?”

ನಗುತ್ತಾರೆ, ಖಲಾಸ್ — ಅಂದುಕೊಂಡಿದ್ದೆ. ನಗಲಿಲ್ಲ. ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. “ನಮ್ಮ ಊರಿನವನ ಚಿತ್ರ ಇಲ್ಲಿ!” ಎಂದವರ ಕಣ್ಣು ಒದ್ದೆಯಾಗಿತ್ತು. ನಿಜ ಹೇಳಲು ಅರೆ ನಿಮಿಷ ಸಾಕಿತ್ತು. ಆ ಅರೆ ನಿಮಿಷ...

ಗೋಡೆಗೆ ಚೀಟಿ ಬಂತು: ಎಂ. ಪಿರೇರಾ, ಭಾರತ. ಅಲ್ ಹೈಲ್‌ನ ನಮ್ಮ ಮಂದಿ ಕೇಕ್ ಕತ್ತರಿಸಿದರು, ಚಿತ್ರದ ಪಕ್ಕ ನನ್ನನ್ನು ನಿಲ್ಲಿಸಿ ಫೋಟೋ ತೆಗೆದರು. ನೀರಿನ ಆ ನೀಲಿಯನ್ನು ಹೇಗೆ ಕಲಸಿದೆ ಎಂದು ನಾನು ವಿವರಿಸಿದೆ. ಚೆನ್ನಾಗಿಯೇ ವಿವರಿಸಿದೆ!

ಈಗ ಮ್ಯೂಸಿಯಮ್ಮಿನವರು ಲ್ಯಾಟಿನ್ ಅಮೆರಿಕದ ಕಲಾವಿದರಿಗೆಂದೇ ಒಂದು ಕೋಣೆ ತೆರೆಯುತ್ತಿದ್ದಾರೆ. ನೀವು ವಿಚಾರಿಸಿದ್ದಕ್ಕೆ ‘ನಿಮ್ಮ ಚಿತ್ರ ಯಾವುದೂ ನಮ್ಮಲ್ಲಿಲ್ಲ’ ಎಂದು ಉತ್ತರ ಬಂತಂತೆ. ಆಮೇಲೆ ನೀವು ನನಗೆ ಬರೆದಿರಿ: “ಮೌರಿಸ್, ನಾನು ಚಿತ್ರ ಕೊಟ್ಟದ್ದು ನೆನಪಿರುವುದು ನಿಮಗೊಬ್ಬರಿಗೆ. ಅವರಿಗೆ ಹೇಳುತ್ತೀರಾ?”

ಮೂರು ದಿನದಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಮೊಳೆ ಹೊಡೆಯಲು ಹೋದರೆ ಬೆರಳಿಗೆ ಪೆಟ್ಟು — ನನಗೆ! ನೀವು ಬೈದಿದ್ದರೆ ತಮಾಷೆ ಮಾಡಿ ತಪ್ಪಿಸಿಕೊಳ್ಳುತ್ತಿದ್ದೆ. ನೀವು ನನ್ನನ್ನು ನಂಬಿದ್ದೀರಿ.

ಇನ್ನೊಂದಿದೆ. ಇಷ್ಟು ಹೊತ್ತು ಶೆಟ್ರ ಮೇಲೆ ಹಾಕಿಯೇ ಕತೆ ಹೇಳಿದೆ, ಗಮನಿಸಿದಿರಾ? ಚಿತ್ರದ ಜೊತೆ ಕೊಡಲು ನೀವೊಂದು ಪತ್ರ ಕೊಟ್ಟಿದ್ದಿರಿ — ನಿಮ್ಮ ಪೂರ್ತಿ ಹೆಸರು, ಊರು, ಆ ಹೆಂಗಸರ ಹೆಸರುಗಳು ಕೂಡ. ಅವತ್ತು ಅದು ನನ್ನ ಚೀಲದಲ್ಲೇ ಇತ್ತು. ಶೆಟ್ರು ಕೈ ಹಿಡಿದ ಮೇಲೆ ಅದನ್ನು ಹೊರಗೆ ತೆಗೆಯಲಿಲ್ಲ. ಮರೆತದ್ದಲ್ಲ, ಮೇಡಂ.

ಇವತ್ತು ಆ ಪತ್ರ ಹಿಡಿದು ಬಂದಿದ್ದೇನೆ. ಮ್ಯೂಸಿಯಮ್ಮಿನ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಮೂರು ಸಲ ಎದ್ದು ಶೆಟ್ರ ಕೋಣೆಯ ಬಾಗಿಲವರೆಗೆ ಹೋಗಿ ಬಂದೆ. ಒಳಗೆ ಬರುವಾಗ ಗೇಟಿನಲ್ಲಿ ಹೊಸ ಕಾವಲುಗಾರ, ಪುಸ್ತಕದಲ್ಲಿ ಯಾರೆಂದು ಬರೆಯಲಿ ಎಂದು ಪೆನ್ನು ಹಿಡಿದು ಕೇಳಿದ್ದ: “ಚಾಚಾ, ಆಪ್ ಕೌನ್? ಕ್ಯಾ ಲಿಖೂಂ?”

ಇಷ್ಟು ವರ್ಷ ಆ ಗೇಟಿನಲ್ಲಿ ‘ಆರ್ಟಿಸ್ಟ್’ ಎಂದೇ ಬರೆಸುತ್ತಿದ್ದೆ.

“ಫ್ರೇಮ್‌ವಾಲಾ,” ಎಂದೆ.